ಬೋಳಣ್ಣನ ಕುತ್ತಿಗೆ

ಫೆಬ್ರವರಿ ೬, ಮಂಗಳವಾರ

ಎರಡನೇ ಸಲವೂ ಫೇಲ್.

ನಮ್ಮೂರಿನಲ್ಲಿ ಹದಿನಾರು ವರ್ಷ ಹಲ್ಲಿನ ಆಸ್ಪತ್ರೆ ನಡೆಸಿದವಳು ನಾನು. ಅಲ್ಲಿ ಕಿತ್ತ ಹಲ್ಲುಗಳನ್ನು ಒಂದರ ಪಕ್ಕ ಒಂದು ನೆಟ್ಟರೆ ಈ ಬೀದಿಯ ಉದ್ದಕ್ಕೂ ಬೇಲಿ ಆಗುತ್ತದೆ. ಇಲ್ಲಿಯ ದಂತವೈದ್ಯ ಮಂಡಳಿಯ ಪ್ರಕಾರ ನಾನಿನ್ನೂ ಹಲ್ಲು ಮುಟ್ಟಲು ಅರ್ಹಳಲ್ಲ. ಬರೆಯುವ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದಿದೆ, ಅದನ್ನು ಅವರೂ ಒಪ್ಪುತ್ತಾರೆ. ಬಿದ್ದದ್ದು ಪ್ರಾಯೋಗಿಕದಲ್ಲಿ. ಕಾರಣ ಒಂದೇ ಸಾಲು: "ರೋಗಿಯ ತಲೆಯನ್ನು ಮಿತಿ ಮೀರಿ ತಿರುಗಿಸಲಾಗಿದೆ."

ರೋಗಿ ಎಂದರೆ ರಬ್ಬರ್ ಕೆನ್ನೆಯ ಒಂದು ಗೊಂಬೆ ತಲೆ. ಮೇಜಿಗೆ ಸ್ಕ್ರೂ ಹಾಕಿ ಬಿಗಿದದ್ದು. ಕುತ್ತಿಗೆಯಿಂದ ಕೆಳಗೆ ಏನೂ ಇಲ್ಲ. ಅದಕ್ಕೆ ಕತ್ತು ಉಳುಕುತ್ತದಂತೆ. ಮೊದಲ ಸಲವೂ ಇದನ್ನೇ ಬರೆದಿದ್ದರು. ಆಗ ಸ್ಕ್ರೂ ಸಡಿಲವಾಗಿತ್ತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಈ ಸಲ ಇನ್ನೊಂದು ಬಾಲ ಸೇರಿಸಿದ್ದಾರೆ: "ರೋಗಿಯೊಂದಿಗೆ ಮಾತುಕತೆ ಸಾಲದು." ಗೊಂಬೆಯನ್ನು ಏನೆಂದು ಮಾತಾಡಿಸಬೇಕಿತ್ತು? ಮಕ್ಕಳೆಷ್ಟು, ಏನು ಓದುತ್ತಿದ್ದಾರೆ ಎಂದೇ?

ಒಬ್ಬರಿಗೆ ಮೂರೇ ಅವಕಾಶ. ಜೂನ್‌ನಲ್ಲಿ ಬರುವುದು ಕೊನೆಯದು. ಅದೂ ಹೋದರೆ ಈ ದೇಶದಲ್ಲಿ ಜನ್ಮಪೂರ್ತಿ ನನ್ನ ಹಲ್ಲನ್ನು ಬಿಟ್ಟು ಬೇರೆಯವರದನ್ನು ಉಜ್ಜುವಂತಿಲ್ಲ.

ಇವರು ಸಂಜೆ ಪೇಂಟ್ ಕಾರ್ಖಾನೆಯಿಂದ ಬಂದರು. ಬಣ್ಣ ಬೆರೆಸಿ ಹೊಂದಿಸುವುದು ಇವರ ಕಸುಬು. ಬಣ್ಣಕ್ಕೆ ಲೈಸೆನ್ಸ್ ಬೇಡ. ಇಲ್ಲಿಗೆ ಬಂದ ತಿಂಗಳಲ್ಲೇ ಕೆಲಸ ಸಿಕ್ಕಿತು.

"ಗೊಂಬೆ ಏನಾದ್ರೂ ಕಂಪ್ಲೇಂಟ್ ಕೊಡ್ತಾ?" ಎಂದರು.

"ರೀ, ತಮಾಷೆ ಬೇಡ."

"ತಮಾಷೆ ಅಲ್ವೇ. ಅದಕ್ಕೆ ಬಾಯಿ ಇದ್ಯಲ್ಲ, ಕೊಟ್ಟಿರಬಹುದು ಅಂತ."

ಅತ್ತೆ ಸೋಫಾದಲ್ಲಿ ಕೂತಲ್ಲಿಂದಲೇ ತೀರ್ಪು ಕೊಟ್ಟರು. "ಅವರು ಸರಿಯಾಗೇ ಬರ್ದಿದಾರೆ. ಊರಲ್ಲಿ ನನ್ನ ಹಲ್ಲು ನೋಡ್ದಾಗ ತಲೇನ ನಲ್ಲಿ ತಿರುಗಿಸಿದ ಹಾಗೆ ತಿರುಗಿಸ್ದೆ. ಹಲ್ಲುನೋವು ಅವತ್ತೇ ಹೋಯ್ತು. ಕತ್ತುನೋವು ತಿಂಗಳಿತ್ತು."

"ಹಲ್ಲು ಸರಿಹೋಯ್ತೋ ಇಲ್ವೋ?"

"ಹೋಯ್ತು. ಹಲ್ಲಿಗೆ ನೀನು ಬಂಗಾರದಂಥ ಡಾಕ್ಟ್ರು. ಹಲ್ಲಿನ ಸುತ್ತ ಒಬ್ಬ ಮನುಷ್ಯ ಇರ್ತಾನಲ್ಲ, ಅದೇ ತೊಂದ್ರೆ."

ಊಟದ ಮೇಜಿನ ದೀಪವನ್ನು ನನ್ನ ಕಡೆ ತಿರುಗಿಸಿಕೊಂಡು ಇದನ್ನು ಬರೆಯುತ್ತಿದ್ದೇನೆ. ಆ ಕಡೆ ಇವರು ಕತ್ತಲಲ್ಲಿ ಪೇಪರ್ ಹಿಡಿದು ಗೊಣಗುತ್ತಿದ್ದಾರೆ. ಗೊಣಗಲಿ.

ಫೆಬ್ರವರಿ ೮, ಗುರುವಾರ

ಕ್ಲಿನಿಕ್ಕಿನಲ್ಲಿ ನನ್ನ ಕೆಲಸ ಉಪಕರಣ ತೊಳೆಯುವುದು. ತೊಳೆದು, ಒರೆಸಿ, ಚೀಲಕ್ಕೆ ಹಾಕಿ, ಬಿಸಿ ಹಬೆಯ ಯಂತ್ರದೊಳಗೆ ಇಡುವುದು. ಇದಕ್ಕೆ ಲೈಸೆನ್ಸ್ ಬೇಡ. ಇಕ್ಕಳ ನನ್ನ ಕೈಯಲ್ಲೇ ಇರುತ್ತದೆ, ಹಲ್ಲು ಮಾತ್ರ ಪಕ್ಕದ ಕೋಣೆಯಲ್ಲಿ. ನಡುವೆ ಒಂದು ಸಣ್ಣ ಕಿಟಕಿ.

ಕಿಟಕಿಯ ಆಚೆ ಪಾಪು ಡಾಕ್ಟರು. ಹೆಸರು ನಾನಿಟ್ಟದ್ದು. ಇನ್ನೂ ಹಾಲುಹಲ್ಲು ಬಿದ್ದಿಲ್ಲವೇನೋ ಎನ್ನಿಸುವ ಮುಖ. ಚಕ್ರದ ಸ್ಟೂಲಿನ ಮೇಲೆ ಕೂತು ರೋಗಿಯ ಸುತ್ತ ಗಾಣದೆತ್ತಿನಂತೆ ಸುತ್ತುತ್ತಾನೆ. ಸ್ಟೂಲು ಕಿರ್ ಕಿರ್ ಎನ್ನುತ್ತದೆ. ಸುತ್ತಿಗೊಮ್ಮೆ, "ಸರಿ ಇದೆಯಾ? ನಿಲ್ಲಿಸಲಾ?" ಅವನು ಒಂದು ಹಲ್ಲು ತುಂಬುವಷ್ಟರಲ್ಲಿ ನಾನು ಮೂರು ತುಂಬಿ ಟೀ ಕುಡಿದಿರುತ್ತಿದ್ದೆ. ಇವತ್ತು ಒಬ್ಬ ಹೆಂಗಸು ಅವನ ಕುರ್ಚಿಯಲ್ಲಿ ಬಾಯಿ ತೆಗೆದುಕೊಂಡೇ ನಿದ್ದೆ ಹೋದಳು. ನನ್ನ ಕುರ್ಚಿಯಲ್ಲಿ ಯಾರೂ ನಿದ್ದೆ ಮಾಡಿದ್ದಿಲ್ಲ. ಒಬ್ಬ ಪೊಲೀಸ್ ಇನ್ಸ್‌ಪೆಕ್ಟರ್ ಅತ್ತಿದ್ದ. ನಿದ್ದೆ ಮಾತ್ರ ಯಾರೂ ಮಾಡಲಿಲ್ಲ.

ಫಲಿತಾಂಶ ಏನಾಯಿತು ಎಂದು ಪಾಪು ಕೇಳಿದ. ಹೇಳಿದೆ.

"ತಲೆ ಯಾಕೆ ತಿರುಗಿಸಿದ್ರಿ ಮೇಡಂ?"

"ಹಲ್ಲು ಕಾಣ್ತಿರಲಿಲ್ಲ."

"ನೀವೇ ಆ ಕಡೆ ಹೋಗಬಹುದಿತ್ತಲ್ಲ?"

ಎಳೆಯ ಮಕ್ಕಳಿಗೆ ಏನೆಂದು ಹೇಳುವುದು. ಊರಲ್ಲಿ ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಬೆಂಚಿನ ತುಂಬ ಜನ ಕೆನ್ನೆ ಹಿಡಿದುಕೊಂಡು ಕೂತಿರುತ್ತಿದ್ದರು. ಸಹಾಯಕಿ ಇರಲಿಲ್ಲ, ಸ್ಟೂಲು ಇರಲಿಲ್ಲ. ಒಂದೇ ಜಾಗದಲ್ಲಿ ನಿಂತು ಎಡಗೈ ಹಣೆಯ ಮೇಲೆ ಇಟ್ಟರೆ ತಲೆ ತಾನಾಗಿ ಬೇಕಾದ ಕಡೆ ಬರುತ್ತಿತ್ತು. ಇದನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ, ಬೆಂಚು ಕಲಿಸುತ್ತದೆ. ಅಷ್ಟು ಜನ ಕಾಯುತ್ತಿರುವಾಗ ಯಾರು ಯಾರ ಸುತ್ತ ಸುತ್ತಬೇಕು?

ಫೆಬ್ರವರಿ ೧೮, ಭಾನುವಾರ

ಮನೆಗೆ ಹೊಸಬರು ಬಂದಿದ್ದಾರೆ. ಮುಚ್ಚಿಹೋದ ಒಂದು ತರಬೇತಿ ಶಾಲೆಯವರು ಗೊಂಬೆ ತಲೆಗಳನ್ನು ಮಾರುತ್ತಿದ್ದರು. ಅಭ್ಯಾಸಕ್ಕೆಂದು ಒಂದನ್ನು ಕೊಂಡು, ಟವೆಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ. ದಾರಿಯಲ್ಲಿ ಟವೆಲು ಜಾರಿತು. ಪಕ್ಕದ ಸೀಟು ಖಾಲಿಯಾಯಿತು, ಆಮೇಲೆ ಹಿಂದಿನದು. ಆರಾಮವಾಗಿ ಕಾಲು ಚಾಚಿ ಬಂದೆ.

ಊಟದ ಮೇಜಿನ ಅಂಚಿಗೆ ಸ್ಕ್ರೂ ಹಾಕಿ ಬಿಗಿದೆವು. ಕೂದಲಿಲ್ಲ, ಹುಬ್ಬಿಲ್ಲ, ಬಾಯಿ ಮಾತ್ರ ಅಗಲಕ್ಕೆ ತೆರೆದಿದೆ. ಬೋಳಣ್ಣ ಎಂದು ಇವರೇ ನಾಮಕರಣ ಮಾಡಿ ತಮ್ಮ ಟೋಪಿ ಹಾಕಿದರು.

ಅತ್ತೆ ದೂರದಿಂದ ನೋಡಿ, "ಊಟದ ಹೊತ್ತಿಗೆ ಬಾಯಿ ತಕ್ಕೊಂಡು ಮೇಜಿನ ಮುಂದೆ ಇರೋನು ಈ ಮನೇಲಿ ಆಗ್ಲೇ ಒಬ್ಬ ಇದ್ನಲ್ಲ," ಎಂದರು.

"ಅಮ್ಮ, ನಾನು ನಿಮ್ಮ ಮಗ," ಎಂದರು ಇವರು.

"ಅದಕ್ಕೇ ಹೆಸರು ಹೇಳ್ಲಿಲ್ಲ."

ಮೇಲಿನ ಎಡಗಡೆಯ ಕೊನೇ ದವಡೆಹಲ್ಲನ್ನು ಕೊರೆದು ತುಂಬಿದೆ. ಪರೀಕ್ಷೆಯಲ್ಲಿ ಕೊಡುವುದು ಅದನ್ನೇ. ಕಣ್ಣಿಗೆ ಸಿಗದ ಮೂಲೆ ಅದು. ಕೆಲಸ ಮುಗಿಸಿ ನೋಡಿದರೆ ಬೋಳಣ್ಣ ಅಡುಗೆಮನೆ ಕಡೆ ಮುಖ ಮಾಡಿದ್ದ. ಶುರುವಿನಲ್ಲಿ ಚಾವಣಿ ನೋಡುತ್ತಿದ್ದ. ಕುತ್ತಿಗೆಯ ಮೇಲೆ ಕೆಂಪು ಗೆರೆಯ ಮಿತಿ ಇದೆ. ಅದನ್ನು ದಾಟಿ ಬಹಳ ದೂರ ಹೋಗಿದ್ದ. ನಾನು ತಿರುಗಿಸಿದ ನೆನಪೇ ಇಲ್ಲ.

ಮಾರ್ಚ್ ೧, ಶುಕ್ರವಾರ

ಇವರೊಂದು ಉಪಾಯ ಹೂಡಿದರು. ಬೇಗ ಒಣಗದ ನೀಲಿ ಬಣ್ಣ ತಂದು ಬೋಳಣ್ಣನ ಹಣೆಗೆ ಬಳಿದರು. ನನ್ನ ಎಡಗೈ ಅಲ್ಲಿಗೆ ಹೋದರೆ ಬಣ್ಣ ಅಂಟುತ್ತದೆ. ಕಳ್ಳ ಕೈ ಮಾಲು ಸಮೇತ ಸಿಗುತ್ತದೆ. ಒಂದು ಗಂಟೆ ಅಭ್ಯಾಸ ಮಾಡಿ ಊಟಕ್ಕೆ ಕೂತೆವು.

ಊಟ ಮುಗಿದ ಮೇಲೆ ನೋಡಿದರೆ ಮನೆ ತುಂಬ ನೀಲಿ. ದೀಪದ ಕುತ್ತಿಗೆಯಲ್ಲಿ ನೀಲಿ, ಟಿ.ವಿ.ಯ ಮೂಲೆಯಲ್ಲಿ ನೀಲಿ, ಅತ್ತೆಯ ತಟ್ಟೆಯ ಅಂಚಿನಲ್ಲಿ, ಇವರ ಕುರ್ಚಿಯ ಬೆನ್ನಿಗೆ, ಇವರ ಎಡ ಹೆಗಲಿಗೆ.

"ಹೆಗಲು ಯಾವಾಗ ಹಿಡ್ದೆ?" ಎಂದು ಇವರು ಕೇಳಿದರು.

"ನೀವು ದಾರಿಗಡ್ಡ ನಿಂತಿದ್ರಿ. ಪಕ್ಕಕ್ಕೆ ಸರಿಸ್ದೆ."

ಅತ್ತೆ ಮನೆಯೆಲ್ಲ ಒಂದು ಸುತ್ತು ಹಾಕಿ ಬಂದು, "ಸದ್ಯ, ನನ್ನ ಕೆನ್ನೆ ಬಿಟ್ಟಿದಾಳೆ," ಎಂದರು.

ಬಣ್ಣ ತೀರ ಕಳಪೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

ಮಾರ್ಚ್ ೧೩, ಬುಧವಾರ

ಕೆಟ್ಟ ದಿನ.

ಕಿಟಕಿಯಿಂದ ಪಾಪು ಡಾಕ್ಟರನ ಕಂಪ್ಯೂಟರ್ ಪರದೆ ಕಾಣುತ್ತದೆ. ಬೆಳಗ್ಗೆ ಒಬ್ಬ ದಪ್ಪ ಮೀಸೆಯವನು ಬಂದಿದ್ದ. ಎಕ್ಸ್‌ರೇಯಲ್ಲಿ ಮುಂದಿನ ಹಲ್ಲಿನ ಬೇರಿನ ಕೆಳಗೆ ಕಪ್ಪು ನೆರಳು. ಕುರುಡರಿಗೂ ಕಾಣುವಂಥದ್ದು. ಪಾಪು ಸುತ್ತಲೂ ಶುಚಿ ಮಾಡಿ, ಔಷಧ ಬರೆದುಕೊಟ್ಟು, ಎದ್ದೇಳಿ ಎಂದ. ನನಗೆ ತಡೆಯಲಾಗಲಿಲ್ಲ. ಕಿಟಕಿಯಲ್ಲಿ ತಲೆ ಹಾಕಿ, "ಡಾಕ್ಟ್ರೇ, ಆ ಹಲ್ಲು ಉಳಿಯಲ್ಲ, ಇವತ್ತೇ ತೆಗೀಬೇಕು," ಎಂದೆ. ಮೀಸೆಯವನು ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡ.

ಪಾಪು ಅವನನ್ನು ಕಳಿಸಿ ನನ್ನ ಕೋಣೆಗೆ ಬಂದ. ಕೋಪ ಮಾಡಿಕೊಳ್ಳಲೂ ಬಾರದ ಮುಖ.

"ಉಳಿಯಲ್ಲ ಅಂತ ನನಗೂ ಗೊತ್ತು ಮೇಡಂ. ಅವರು ತುತ್ತೂರಿ ಊದೋರು. ಶನಿವಾರ ದೊಡ್ಡ ಕಾರ್ಯಕ್ರಮ ಇದೆ. ಮುಂದಿನ ಹಲ್ಲು ತೆಗೆದ್ರೆ ಊದಕ್ಕಾಗಲ್ಲ. ಸೋಮವಾರ ತೆಗೆಯೋಣ ಅಂತ ಇಬ್ಬರೂ ಮಾತಾಡ್ಕೊಂಡಿದೀವಿ."

"ತುತ್ತೂರಿ ಊದ್ತಾರೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಕೇಳಿದೆ."

ಇನ್ನೊಂದು ಮಾತೂ ಹೇಳಿದ. ಲೈಸೆನ್ಸ್ ಇಲ್ಲದವರು ರೋಗಿಗೆ ಸಲಹೆ ಕೊಟ್ಟರೆ ಮಂಡಳಿಗೆ ವರದಿ ಮಾಡಬೇಕು ಎಂಬ ನಿಯಮವಿದೆಯಂತೆ. ವರದಿ ಹೋದರೆ ಮೂರನೇ ಅವಕಾಶವೂ ಇಲ್ಲ. "ನನಗೆ ಏನೂ ಕೇಳಿಸಲಿಲ್ಲ ಅಂತ ಇಟ್ಕೊಳ್ಳಿ. ಆದ್ರೆ ಕಿಟಕಿ ಮುಚ್ಚಿರಲಿ," ಎಂದು ಹೋದ.

ಮುಚ್ಚಿದೆ. ತುತ್ತೂರಿ ಊದುವುದು ಎಕ್ಸ್‌ರೇಯಲ್ಲಿ ಕಾಣುತ್ತದೆಯೇ? ನಾನಾದರೂ ಏನು ಮಾಡಲಿ.

ಮಾರ್ಚ್ ೨೪, ಭಾನುವಾರ

ಅಡುಗೆಮನೆಯಲ್ಲಿ ಲವಂಗದ ಡಬ್ಬಿ ಖಾಲಿ. ಯಾರೂ ಲವಂಗ ಹಾಕುವಂಥದ್ದೇನೂ ಮಾಡಿಲ್ಲ. ಬೆಳಗ್ಗೆ ಅತ್ತೆ ಬ್ರೆಡ್ಡನ್ನು ಬಲಗಡೆಯಿಂದ ಮಾತ್ರ ಅಗಿಯುತ್ತಿದ್ದರು. ಹಲ್ಲಿನ ಡಾಕ್ಟರ ಕಣ್ಣು ತಪ್ಪಿಸಿ ಹಲ್ಲುನೋವು ಬಚ್ಚಿಡುವವರೆಂದು ನಾನು ಕಂಡದ್ದು ಅತ್ತೆಯೊಬ್ಬರನ್ನೇ.

"ಬಾಯಿ ತೆಗೀರಿ ಅತ್ತೆ."

"ಲೈಸೆನ್ಸ್ ತೋರ್ಸು."

"ಅತ್ತೆ."

"ಲೈಸೆನ್ಸ್ ಇಲ್ದೋರ ಮುಂದೆ ನಾನು ಬಾಯಿ ತೆಗೆಯಲ್ಲ. ಮಾತಾಡಕ್ಕೆ ಬೇಕಾದ್ರೆ ತೆಗೀತೀನಿ, ಎಷ್ಟು ಹೊತ್ತು ಬೇಕಾದ್ರೂ."

ಇವರು ಮೊಬೈಲಿನ ಬೆಳಕು ಹಿಡಿದು, ಅಮ್ಮ ಅಮ್ಮ ಎಂದು ಗೋಗರೆದ ಮೇಲೆ ಬಾಯಿ ತೆರೆಯಿತು. ಮೇಲಿನ ಎಡಗಡೆ, ಕೊನೇ ದವಡೆಹಲ್ಲು. ದೊಡ್ಡ ತೂತು. ಬೋಳಣ್ಣನಲ್ಲಿ ನಾನು ದಿನಾ ಕೊರೆಯುವ ಹಲ್ಲೇ. ನನ್ನ ಕೈ ಸುಮ್ಮನಿರಲು ಎಷ್ಟು ಕಷ್ಟಪಟ್ಟಿತೆಂದರೆ ಅದನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

"ಪಾಪು ಡಾಕ್ಟ್ರಿಗೆ ತೋರ್ಸೋಣ," ಎಂದೆ.

"ಕೀಳೋ ಮಾತು ಮಾತ್ರ ಎತ್ತಬಾರ್ದು. ನಿನ್ನ ಮಾವನಿಗಿಂತ ಜಾಸ್ತಿ ವರ್ಷ ಈ ಹಲ್ಲು ನನ್ನ ಜೊತೆ ಸಂಸಾರ ಮಾಡಿದೆ. ಅವರಿಗಿಂತ ಕಡಿಮೆ ತೊಂದ್ರೆ ಕೊಟ್ಟಿದೆ."

ಮಾರ್ಚ್ ೨೬, ಮಂಗಳವಾರ

ಅತ್ತೆಯನ್ನು ಕ್ಲಿನಿಕ್ಕಿಗೆ ಕರೆದೊಯ್ದೆ. ಅವರಿಗೆ ಇಲ್ಲಿಯ ಭಾಷೆ ಬಾರದು. ನಾನು ಪಕ್ಕದಲ್ಲಿ ನಿಂತು ಅನುವಾದ. ಅನುವಾದಕ್ಕೆ ಸದ್ಯ ಲೈಸೆನ್ಸ್ ಕೇಳಲಿಲ್ಲ.

ಪಾಪು ಕಿರ್ ಕಿರ್ ಎಂದು ಒಂದು ಸುತ್ತು ಬಂದು ನೋಡಿದ. ಹಲ್ಲು ಉಳಿಸಬಹುದು, ಇವತ್ತೇ ಪೂರ್ತಿ ಕೆಲಸ ಶುರು ಮಾಡೋಣ ಎಂದ. ಅನುವಾದಿಸಿದೆ.

"ಬೇಡ," ಎಂದರು ಅತ್ತೆ. "ಸದ್ಯಕ್ಕೆ ಒಂದು ತೇಪೆ ಹಾಕು ಅನ್ನು. ಪೂರ್ತಿ ಕೆಲ್ಸ ನನ್ನ ಸೊಸೆ ಮಾಡ್ತಾಳೆ. ಅವಳು ಜೂನ್‌ನಲ್ಲಿ ಪಾಸಾಗ್ತಾಳೆ. ಮನೇಲಿ ಡಾಕ್ಟ್ರನ್ನ ಇಟ್ಕೊಂಡು ಪರರ ಮುಂದೆ ಎಷ್ಟು ಸಲ ಬಾಯಿ ತೆಗೀಲಿ?"

ಪಾಪು ನನ್ನ ಮುಖ ನೋಡಿದ. "ಏನಂತಾರೆ?"

"ತೇಪೆ ಸಾಕಂತೆ. ಥ್ಯಾಂಕ್ಸ್ ಹೇಳ್ತಿದಾರೆ."

"ಅಷ್ಟೇನಾ? ತುಂಬ ಹೊತ್ತು ಮಾತಾಡಿದ್ರಲ್ಲ."

"ನಮ್ಮ ಭಾಷೆಯಲ್ಲಿ ಥ್ಯಾಂಕ್ಸ್ ಉದ್ದ."

ತೇಪೆ ಹಾಕಿದ. ಇದು ಹೆಚ್ಚು ದಿನ ನಿಲ್ಲುವುದಿಲ್ಲ, ಬಿದ್ದಾಗ ಬನ್ನಿ, ಜುಲೈ ಕಳೆಯುವುದರೊಳಗೆ ಪೂರ್ತಿ ಮಾಡಿಸದಿದ್ದರೆ ಹಲ್ಲು ಕೈಬಿಟ್ಟು ಹೋಗುತ್ತದೆ ಎಂದ. ಇದನ್ನು ಅಕ್ಷರಕ್ಕೆ ಅಕ್ಷರ ಅನುವಾದಿಸಿದೆ. ಅತ್ತೆ ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಹೊಸ ತೇಪೆಯನ್ನು ನಾಲಿಗೆಯಿಂದ ತಡವಿಕೊಳ್ಳುತ್ತ ಬಂದರು.

ಏಪ್ರಿಲ್ ೭, ಭಾನುವಾರ

ಅಭ್ಯಾಸದಲ್ಲಿ ಏನೂ ಸುಧಾರಣೆಯಿಲ್ಲ. ಬೋಳಣ್ಣ ಹೋಗಿ ಬಂದು ಅಡುಗೆಮನೆ ಕಡೆಗೇ ನೋಡುತ್ತಾನೆ. ಇವತ್ತು ಅತ್ತೆಗೆ ತಾಳ್ಮೆ ತಪ್ಪಿತು.

"ಅವನು ಬಾಯಿ ಬಿಟ್ಟಿದಾನೆ, ಆದ್ರೆ ಬಾಯಿ ಬಿಟ್ಟು ಹೇಳಲ್ಲ. ಸರಿ ಅತ್ಲಾಗೆ, ನಾನು ಹೇಳ್ತೀನಿ."

ಸೋಫಾದ ಮೇಲೆ ಅಂಗಾತ ಮಲಗಿದರು. ಎಡಗೈಯಲ್ಲಿ ಸ್ಟೀಲ್ ಲೋಟ, ಬಲಗೈಯಲ್ಲಿ ಚಮಚ. ನಾನು ಪಕ್ಕದಲ್ಲಿ ಮಣೆಯ ಮೇಲೆ ಕೂತು ಬೆಳಕು ಹಿಡಿದು ಹಲ್ಲುಗಳನ್ನು ಒಂದೊಂದಾಗಿ ಎಣಿಸಿ ಹೇಳಬೇಕು, ಅಷ್ಟೇ. ಏನನ್ನೂ ಮುಟ್ಟುವಂತಿಲ್ಲ. ನನ್ನ ಎಡಗೈ ಅವರ ಹಣೆಗೆ ಬಂದರೆ ಟಣ್.

ಟಣ್. ಟಣ್. ಟಣ್.

"ಅತ್ತೆ, ಈಗ ಮುಟ್ಟಲೇ ಇಲ್ಲ."

"ಬರ್ತಿತ್ತು. ನೆರಳು ಬಿತ್ತು."

ಸ್ವಲ್ಪ ಹೊತ್ತಿಗೆ ಕೆಳಗಿನ ಮನೆಯವನು ಬಾಗಿಲು ಬಡಿದು, ನಿಮ್ಮಲ್ಲಿ ಯಾರಾದರೂ ಸಂಗೀತ ಕಲಿಯುತ್ತಿದ್ದಾರಾ ಎಂದು ವಿನಯದಿಂದ ಕೇಳಿದ. ಹೌದು, ತಾಳ ಇನ್ನೂ ಕೂತಿಲ್ಲ ಎಂದರು ಇವರು.

ಏಪ್ರಿಲ್ ೨೨, ಸೋಮವಾರ

ಟಣ್ ಕಡಿಮೆಯಾಗಿದೆ. "ನಂಗೆ ಕೆಲ್ಸಾನೇ ಇಲ್ವಲ್ಲೇ," ಎಂದು ಅತ್ತೆಗೆ ಬೇಜಾರು.

ಇವತ್ತಿನಿಂದ ಮಾತುಕತೆಯ ಅಭ್ಯಾಸವೂ ಶುರು. ಪಾಪುವಿನ ಹಾಗೆ ನಡುನಡುವೆ ಕೇಳಬೇಕು. ಕೇಳಿದೆ: "ಸರಿ ಇದೆಯಾ ಅತ್ತೆ?"

"ಏನ್ ಸರಿ ಇದೆ?" ಎಂದು ಎದ್ದು ಕೂತರು. ಆಮೇಲೆ ಶುರುವಾದದ್ದು ನಿಲ್ಲಲಿಲ್ಲ. ಹಗಲೆಲ್ಲ ಮನೆಯಲ್ಲಿ ಮಾತಾಡಲು ಬೋಳಣ್ಣನೊಬ್ಬನೇ ಎಂದರು. ಕೆಳಗಿಳಿದು ಒಂದು ಸುತ್ತು ಹೋಗಿ ಬರೋಣವೆಂದರೆ ಈ ಕಟ್ಟಡದಲ್ಲಿ ಎಲ್ಲ ಬಾಗಿಲೂ ಒಂದೇ ಥರ ಬೂದು ಬಣ್ಣ. ಒಮ್ಮೆ ಹೋಗಿ ಬರುವಾಗ ಬೇರೆಯವರ ಬಾಗಿಲು ತಟ್ಟಿದರಂತೆ, ಅವರು ಏನೋ ಕೇಳಿದರಂತೆ, ಉತ್ತರ ಹೇಳಲು ಬರಲಿಲ್ಲವಂತೆ. ಅವತ್ತಿನಿಂದ ಒಬ್ಬರೇ ಇಳಿದಿಲ್ಲ. ಯಾವಾಗ ಎಂದು ಕೇಳಿದರೆ ನಾವು ಬಂದ ವರ್ಷ ಎಂದರು.

ಪರೀಕ್ಷೆಯಲ್ಲಿ ಇಷ್ಟೊಂದು ಹೊತ್ತು ಕೊಡುವುದಿಲ್ಲ. ಪ್ರಶ್ನೆಯನ್ನು ಚಿಕ್ಕದು ಮಾಡಬೇಕು.

ನಮ್ಮ ಬಾಗಿಲಿಗೆ ಹಳದಿ ಬಣ್ಣ ಹೊಡೆಯಲು ಇವರಿಗೆ ಹೇಳಿದ್ದೇನೆ.

ಮೇ ೧೫, ಬುಧವಾರ

ಎರಡನೇ ತೇಪೆಯೂ ಉದುರಿತು. ಮೂರನೆಯದು ಹಾಕುವಾಗ ಪಾಪು ಮುಖ ಚಿಕ್ಕದು ಮಾಡಿಕೊಂಡ. "ಜುಲೈ ದಾಟಿದ್ರೆ ಕೀಳಲೇಬೇಕಾಗುತ್ತೆ. ನಾನೇ ಮಾಡಿಬಿಡ್ಲಾ?"

ಅತ್ತೆಗೆ ಹೇಳಿದೆ. "ಕಾಯುತ್ತೆ. ನಾನು ಹೇಳಿದೀನಿ ಅದಕ್ಕೆ," ಎಂದರು. ಇದನ್ನು ಅನುವಾದಿಸುವ ಗೋಜಿಗೆ ಹೋಗಲಿಲ್ಲ. ಪಾಪುವಿಗೆ ಅರ್ಥವಾದಂತಿತ್ತು.

ಸಂಜೆ ಕ್ಲಿನಿಕ್ ಮುಚ್ಚಿದ ಮೇಲೆ ಅವನು ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟ. ಬೋಳಣ್ಣನನ್ನು ಚೀಲದಲ್ಲಿ ತೆಗೆದುಕೊಂಡು ಹೋಗಿದ್ದೆ. ಸ್ಟೂಲಿನ ಮೇಲೆ ಕೂತು ರೋಗಿಯ ತಲೆಯ ಹಿಂದಕ್ಕೆ ಹೋಗಿ, ಪುಟ್ಟ ಕನ್ನಡಿಯಲ್ಲಿ ನೋಡಿಕೊಂಡು ಕೆಲಸ ಮಾಡಬೇಕು. ಕನ್ನಡಿಯಲ್ಲಿ ಬಲ ಎಡವಾಗುತ್ತದೆ. ಹೊಸದಾಗಿ ಅಕ್ಷರ ತಿದ್ದಿದಂತೆ. ಹದಿನಾರು ವರ್ಷದ ಅನುಭವದವಳು ಬೆವರಿಬಿಟ್ಟೆ.

"ಇದನ್ನ ಕಲಿಯೋಕೆ ನಿಮಗೆ ಎಷ್ಟು ದಿನ ಬೇಕಾಯ್ತು?" ಎಂದು ಅವನನ್ನು ಕೇಳಿದೆ.

"ವರ್ಷಗಟ್ಟಲೆ. ಒಮ್ಮೆ ಅತ್ತುಬಿಟ್ಟಿದ್ದೆ," ಎಂದ.

ಮನೆಗೆ ಬಂದಾಗ ಇವರು ಪೇಪರ್ ಓದುತ್ತಿದ್ದರು. ದೀಪ ಅವರ ಕಡೆ ಇತ್ತು. ಕುರ್ಚಿ ಎತ್ತಿಕೊಂಡು ಆ ಕಡೆ ಹೋಗಿ ಕೂತು ಇದನ್ನು ಬರೆಯುತ್ತಿದ್ದೇನೆ. ಏನಾಯ್ತು ಎಂಬಂತೆ ನನ್ನನ್ನೇ ನೋಡುತ್ತಿದ್ದಾರೆ. ಮೂಗಿಗೆ ಏನಾದರೂ ಅಂಟಿದೆಯೋ ಏನೋ.

ಜೂನ್ ೮, ಶನಿವಾರ

ಆಯಿತು. ಹಣೆಬರಹ ಇನ್ನು ಮಂಡಳಿಯವರ ಕೈಯಲ್ಲಿದೆ.

ದೊಡ್ಡ ಹಜಾರ. ಸಾಲು ಸಾಲು ಗೊಂಬೆ ತಲೆ, ಒಂದೊಂದರ ಮುಂದೆ ಒಬ್ಬೊಬ್ಬ ಅಭ್ಯರ್ಥಿ. ಎಲ್ಲರೂ ಎಲ್ಲೆಲ್ಲಿಂದಲೋ ಬಂದ ಡಾಕ್ಟರುಗಳೇ, ಎಲ್ಲರ ಮುಖದಲ್ಲೂ ಹಲ್ಲು ಕೀಳಿಸಿಕೊಳ್ಳಲು ಬಂದವರ ಕಳೆ. ನನ್ನ ಗೊಂಬೆಯ ಕುತ್ತಿಗೆ ಎಣ್ಣೆ ಹಾಕಿದಷ್ಟು ನುಣುಪು. ಬೆರಳು ಸೋಕಿದರೆ ಸಾಕು ತಿರುಗುವಂಥದ್ದು. ಬೇಕೆಂದೇ ಕೊಟ್ಟಿದ್ದಾರೆ ಎನ್ನಿಸಿತು.

ಮೊದಲ ಅರ್ಧ ಚೆನ್ನಾಗಿ ಹೋಯಿತು. ಆಮೇಲೆ ಹಲ್ಲಿನ ಹಿಂಬದಿ. ಕನ್ನಡಿ ಮಂಜಾಯಿತು, ಒರೆಸಿದೆ, ಮತ್ತೆ ಮಂಜಾಯಿತು. ಗಡಿಯಾರ ಓಡುತ್ತಿತ್ತು. ಎಡಗೈ ಯಾವಾಗ ಎದ್ದಿತೋ ಗೊತ್ತಿಲ್ಲ. ಅಂಗೈಗೆ ರಬ್ಬರ್ ತಣ್ಣಗೆ ತಾಗುವುದಕ್ಕೂ, ಪಕ್ಕದ ಮೇಜಿನವನು ತನ್ನ ಕನ್ನಡಿಯನ್ನು ಸ್ಟೀಲ್ ತಟ್ಟೆಗೆ ಬೀಳಿಸುವುದಕ್ಕೂ ಸರಿಹೋಯಿತು.

ಟಣ್.

ಕೆಂಡ ಮುಟ್ಟಿದಂತೆ ಕೈ ತೆಗೆದೆ. "ತಪ್ಪಾಯ್ತು ಅತ್ತೆ," ಎಂದೆ, ಗಟ್ಟಿಯಾಗಿ, ನಮ್ಮ ಭಾಷೆಯಲ್ಲಿ, ಗೊಂಬೆಗೆ. ಸ್ಟೂಲು ತಳ್ಳಿಕೊಂಡು ತಲೆಯ ಹಿಂದಕ್ಕೆ ಹೋದೆ. "ಸರಿ ಇದೆಯಾ? ಇನ್ನು ಸ್ವಲ್ಪ ಹೊತ್ತು," ಎಂದೂ ಅಂದೆ. ಬಾಯಿ ತನ್ನಷ್ಟಕ್ಕೆ ತಾನೇ ನಡೆಯುತ್ತಿತ್ತು. ತಿರುಗಿ ನೋಡಿದರೆ ಬೆನ್ನ ಹಿಂದೆ ಪರೀಕ್ಷಕಿ. ಕನ್ನಡಕ ಇಳಿಸಿ ಗೊಂಬೆಯ ಕುತ್ತಿಗೆ ನೋಡಿದಳು, ನನ್ನನ್ನು ನೋಡಿದಳು.

"ರೋಗಿಗೆ ಏನು ಹೇಳಿದ್ರಿ?"

"ಆರಾಮಾಗಿದ್ದೀರಾ ಅಂತ ಕೇಳಿದೆ."

"ಏನಂದ್ರು?"

"ಏನೂ ಅನ್ನಲಿಲ್ಲ," ಎಂದೆ. ಅವಳು ಏನೋ ಗೀಚಿಕೊಂಡು ಮುಂದೆ ಹೋದಳು. ನಕ್ಕಳೋ ಇಲ್ಲವೋ ತಿಳಿಯಲಿಲ್ಲ.

ಮುಟ್ಟಿದ್ದು ತಿರುಗಿಸಿದ್ದಕ್ಕೆ ಸಮವೇ? ಗೆರೆ ದಾಟಿತ್ತೇ? ಬಸ್ಸಿನಲ್ಲಿ ಇದನ್ನೇ ಯೋಚಿಸುತ್ತ ನಮ್ಮ ನಿಲ್ದಾಣ ಬಿಟ್ಟು ಮುಂದೆ ಹೋದೆ.

ಜೂನ್ ೧೯, ಬುಧವಾರ

ಫಲಿತಾಂಶ ಇನ್ನೂ ಇಲ್ಲ.

ಅತ್ತೆ ಇವತ್ತು ಒಬ್ಬರೇ ಕೆಳಗಿಳಿದು ಬ್ರೆಡ್ ತಂದರು. ಹಳದಿ ಬಾಗಿಲು ಬೀದಿಯಿಂದಲೇ ಕಾಣುತ್ತದೆ, ಊರಿಗೆಲ್ಲ ಗೊತ್ತಾಗೋ ಹಾಗೆ ಹೊಡೆದಿದಾನೆ ನನ್ನ ಮಗ, ಎಂದು ಬೈದರು.

ಜುಲೈ ೫, ಶುಕ್ರವಾರ

ಪಾಸ್.

ಎರಡು ಸಲ ಓದಿದೆ. ಇವರಿಂದ ಒಮ್ಮೆ ಓದಿಸಿದೆ. "ತಲೆಯ ಸ್ಥಾನ: ಮಿತಿಯೊಳಗಿದೆ." ಅದರ ಕೆಳಗೆ: "ರೋಗಿಯೊಂದಿಗೆ ಮಾತುಕತೆ: ಉತ್ತಮ."

ಇವರು ಬೋಳಣ್ಣನ ಕೈ ಕುಲುಕಬೇಕೆಂದರು. ಕೈ ಇಲ್ಲದ್ದರಿಂದ ಟೋಪಿ ತೆಗೆದರು. ಅತ್ತೆ ಒಳಗೆ ಹೋಗಿ ಮುಖ ತೊಳೆದು, ತಲೆ ಬಾಚಿ, ಚಪ್ಪಲಿ ಹಾಕಿಕೊಂಡು ಬಂದು ನಿಂತರು.

"ನಡಿ."

"ಎಲ್ಲಿಗೆ?"

"ಹಲ್ಲಿಗೆ."

ಇವತ್ತೇ ಆಗುವುದಿಲ್ಲ, ಮೊದಲ ಆರು ತಿಂಗಳು ನಾನು ಒಬ್ಬ ಸ್ಥಳೀಯ ಡಾಕ್ಟರ ಕಣ್ಣಳತೆಯಲ್ಲೇ ಕೆಲಸ ಮಾಡಬೇಕು ಎಂದು ತಿಳಿಸಿದೆ. ಆ ಡಾಕ್ಟರು ಯಾರೆಂದು ಕೇಳಿದರು. ಪಾಪು ಎಂದೆ.

"ಒಳ್ಳೇದಾಯ್ತು. ನಿನ್ನ ತಲೆ ತಿರುಗಿದ್ರೆ ಸರಿ ಮಾಡಕ್ಕೆ ಒಬ್ಬ ಬೇಕಿತ್ತು," ಎಂದು ಚಪ್ಪಲಿ ಬಿಟ್ಟರು.

ಜುಲೈ ೨೩, ಮಂಗಳವಾರ

ಮೊದಲ ರೋಗಿ ಅತ್ತೆ. ಬೇರೆಯವರಿಗೆ ಸರದಿ ಕೊಡಲು ಅವರು ಒಪ್ಪಲಿಲ್ಲ. ಮನೆಯಿಂದ ಲೋಟ, ಚಮಚ ತಂದಿದ್ದರು. ಇದೇನು ಎಂದು ಪಾಪು ಕೇಳಿದ. ಅಳತೆಗೋಲು ಎಂದೆ.

ಹಲ್ಲು ಕಾದಿತ್ತು. ತೇಪೆ ತೆಗೆದು, ನರದ ದಾರಿ ಶುಚಿ ಮಾಡಿ, ಔಷಧ ತುಂಬಿ, ಮೇಲೆ ಮುಚ್ಚಳ. ಮೂಲೆಯ ಹಲ್ಲು, ಬಾಗಿದ ಬೇರು, ಸುಲಭದ್ದಲ್ಲ. ಪಾಪು ಗೋಡೆಗೆ ಒರಗಿ ನಿಂತಿದ್ದ. ಅವನ ಜೊತೆ ಮಾತಾಡಲು ನನಗೆ ಪುರುಸೊತ್ತಿರಲಿಲ್ಲ.

ನಡುವೆ ಒಮ್ಮೆ ಟಣ್ ಎಂದಿತು. ಎರಡೂ ಕೈ ಮೇಲೆತ್ತಿ ಹಿಂದೆ ಸರಿದೆ. ನನ್ನ ಕೈ ಎಲ್ಲೂ ಹೋಗಿರಲಿಲ್ಲ ಎಂದು ಆಣೆ ಮಾಡಿ ಹೇಳಬಲ್ಲೆ. ನೋಡಿದರೆ ಚಮಚ ನೆಲದ ಮೇಲಿತ್ತು. ಅತ್ತೆ ಬಾಯಿ ತೆರೆದುಕೊಂಡೇ ಗೊರಕೆ ಹೊಡೆಯುತ್ತಿದ್ದರು.

ಮುಗಿದ ಮೇಲೆ ಎಬ್ಬಿಸಿದೆ. ನಾಲಿಗೆಯಿಂದ ಹಲ್ಲು ತಡವಿ ನೋಡಿಕೊಂಡರು.

"ಯಾವಾಗ ಶುರು ಮಾಡ್ತೀಯ?"

"ಮುಗೀತು ಅತ್ತೆ."

"ಮುಗೀತಾ? ಮತ್ತೆ ಅಷ್ಟು ಹೊತ್ತು ಕಿರ್ ಕಿರ್ ಅಂತ ನನ್ನ ಸುತ್ತ ಓಡಾಡ್ತಿದ್ದಿದ್ದು ಯಾರು?"

ಇಷ್ಟು ನಾಜೂಕಾದ ಕೆಲಸ ನಾನು ಜನ್ಮದಲ್ಲಿ ಮಾಡಿದ್ದಿಲ್ಲ, ನೋಡಬೇಕಾದವರು ಗೊರಕೆ ಹೊಡೆದರು. ಇಂಥ ರೋಗಿಗಳಿಂದ ಯಾವ ಡಾಕ್ಟರಿಗೆ ಹೆಸರು ಬಂದೀತು.

ಆ ಸ್ಟೂಲಿನ ಚಕ್ರ ತೀರ ಸವೆದಿದೆ. ನಾಳೆ ಹೋಗುವಾಗ ಎಣ್ಣೆ ತೆಗೆದುಕೊಂಡು ಹೋಗಬೇಕು.